ಹಾರ ಹಾಕುವ ಮುನ್ನ ಕಾರಣ ಹುಡುಕಿ: ಅರಣ್ಯ ಪಡೆ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,



ಪ್ರತಿ ವರ್ಷ ಸೆಪ್ಟೆಂಬರ್ 11ರಂದು ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನ ಆಚರಿಸುತ್ತೀರಿ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಬನ್ನಿ ಮರಗಳನ್ನು ಉಳಿಸಲು ಹೋಗಿ ಪ್ರಾಣ ಕೊಟ್ಟ 363 ಬಿಷ್ಣೋಯಿಗಳನ್ನು ನೆನೆಯುವ ದಿನ ಅದು. ಅಂದು ನಮ್ಮ ಕಾಡುಗಳಲ್ಲಿ ಕರ್ತವ್ಯದ ಮೇಲಿದ್ದಾಗ ತೀರಿಕೊಂಡವರಿಗೂ ಗೌರವ ಸಲ್ಲಿಸುತ್ತೀರಿ. ಸ್ಮಾರಕಕ್ಕೆ ಹೂವಿನ ಹಾರ ಬೀಳುತ್ತದೆ, ಮೌನ ಆಚರಿಸಲಾಗುತ್ತದೆ, ಸಚಿವರು ಮಾತನಾಡುತ್ತಾರೆ, ಕುಟುಂಬದವರು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಆ ಗೌರವ ಅವರಿಗೆ ಸಲ್ಲಲೇಬೇಕು. ನನ್ನ ತಕರಾರು ಅದರ ಮೇಲಲ್ಲ. ಅವರು ಹೇಗೆ ಸತ್ತರು, ಆ ಸಾವಿನ ನಂತರ ಇಲಾಖೆ ತನ್ನ ಕೆಲಸದ ರೀತಿಯಲ್ಲಿ ಏನನ್ನು ಬದಲಿಸಿತು ಎಂಬುದು ಅಂದು ಯಾರ ಬಾಯಲ್ಲೂ ಬರುವುದಿಲ್ಲ. ಅದಕ್ಕಾಗಿ ಈ ಪತ್ರ.

1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕಾಡುಗಳ್ಳ ವೀರಪ್ಪನ್ ಕೊಂದ. ಅದು ಕೊಲೆ, ಎದುರಿಗೆ ಒಬ್ಬ ಶತ್ರು ಇದ್ದ. ಕಾಳ್ಗಿಚ್ಚಿನಲ್ಲಿ ಬೆಂದವರಿಗೆ, ಆನೆಯ ಕಾಲಿಗೆ ಸಿಕ್ಕವರಿಗೆ ಅಂಥ ಶತ್ರು ಇರಲಿಲ್ಲ. ಅವರು ಸತ್ತದ್ದು ಕೆಲಸದ ಜಾಗದಲ್ಲಿ, ಕೆಲಸ ಮಾಡುತ್ತಿರುವಾಗ. ಈ ಎರಡು ಬಗೆಯ ಸಾವನ್ನೂ ಒಂದೇ ಕಲ್ಲಿನ ಮೇಲೆ ಬರೆದು ಒಂದೇ ಮಾತಿನಲ್ಲಿ ಸ್ಮರಿಸಿದರೆ, ಎರಡನೆಯದನ್ನು ತಡೆಯಬಹುದಿತ್ತೇ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ತ್ಯಾಗ ಎಂದ ಮೇಲೆ ತನಿಖೆ ಯಾಕೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಕಳೆದ ಕೆಲವು ವರ್ಷಗಳನ್ನಷ್ಟೇ ನೋಡಿ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಸುತ್ತುವರಿದ ಬೆಂಕಿಯಿಂದ ಹೊರಬರಲಾಗದೆ ತೀರಿಕೊಂಡರು. 2018ರ ಮಾರ್ಚ್ 3ರಂದು ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ನಿರ್ದೇಶಕರಾಗಿದ್ದ ಎಸ್. ಮಣಿಕಂದನ್, ಡಿ.ಬಿ. ಕುಪ್ಪೆ ವಲಯದಲ್ಲಿ ಬೆಂಕಿ ಬಿದ್ದ ಪ್ರದೇಶ ನೋಡಲು ಹೋದಾಗ ಆನೆ ದಾಳಿಗೆ ಬಲಿಯಾದರು. 2023ರ ಫೆಬ್ರುವರಿಯಲ್ಲಿ ಸಕಲೇಶಪುರದ ಕಾಡುಮನೆ ಭಾಗದ ಬೆಂಕಿಯಲ್ಲಿ ಸಿಕ್ಕಿದ ಸಿಬ್ಬಂದಿಯಲ್ಲಿ ಒಬ್ಬರು ಸುಟ್ಟ ಗಾಯಗಳಿಂದ ಉಳಿಯಲಿಲ್ಲ. ಅದೇ ವರ್ಷ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಕೊಡಲೆಂದು ಅರಿವಳಿಕೆ ಮದ್ದು ಹಾರಿಸಲು ಹೋದ ಅನುಭವಿ ಗುರಿಕಾರನನ್ನು ಅದೇ ಆನೆ ಕೊಂದಿತು. ಮೂರೇ ತಿಂಗಳ ಮೇಲೆ, ಡಿಸೆಂಬರ್ 4ರಂದು, ಸಕಲೇಶಪುರದ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತ. ಅರ್ಜುನನಿಗಾಗಿ ನಾಡೇ ಕಣ್ಣೀರು ಹಾಕಿತು, ಅಲ್ಲಿ ಏನಾಯಿತೆಂದು ಜನ ಬೀದಿಗಿಳಿದು ಕೇಳಿದರು. ಕಾಡಿನಲ್ಲಿ ಸತ್ತ ಮನುಷ್ಯರಿಗಾಗಿಯೂ ಯಾರಾದರೂ ಹಾಗೆ ಕೇಳಬೇಕಿತ್ತು.

ಹೀಗೆ ಸತ್ತವರ ನಡುವೆ ರಕ್ಷಕರೂ ಇದ್ದಾರೆ, ಹುಲಿ ಯೋಜನೆಯ ನಿರ್ದೇಶಕರೂ ಇದ್ದಾರೆ. ಹೊಸಬರೂ ಇದ್ದಾರೆ, ಎಷ್ಟೋ ಆನೆಗಳನ್ನು ಹತ್ತಿರದಿಂದ ಕಂಡವರೂ ಇದ್ದಾರೆ. ಹೀಗಿರುವಾಗ ಸತ್ತವನ ಅಜಾಗರೂಕತೆಯೇ ಕಾರಣ ಎನ್ನುವ ವಿವರಣೆ ನಿಲ್ಲುವುದಿಲ್ಲ. ಬೇರೆಬೇರೆ ಮನುಷ್ಯರು ಒಂದೇ ಥರದಲ್ಲಿ ಸಾಯುತ್ತಿದ್ದರೆ ದೋಷ ಮನುಷ್ಯರಲ್ಲಿಲ್ಲ, ಏರ್ಪಾಡಿನಲ್ಲಿದೆ.

ಆ ಏರ್ಪಾಡು ನೆಲದ ಮೇಲೆ ಹೇಗಿರುತ್ತದೆಂದು ಬೆಂಕಿ ರೇಖೆಯ ಕೆಲಸದಲ್ಲಿ ಕಾಣುತ್ತದೆ. ಮಳೆಗಾಲ ಮುಗಿದು ಹುಲ್ಲು ಒಣಗುತ್ತಿದ್ದಂತೆ ಗಡಿಯುದ್ದಕ್ಕೂ, ರಸ್ತೆಯ ಎರಡೂ ಬದಿಗೂ ಪಟ್ಟೆಯಂತೆ ಗಿಡಗಂಟಿ ಸವರಬೇಕು. ಸವರಿದ್ದು ಒಣಗಿದ ಮೇಲೆ ಇಬ್ಬನಿ ಇರುವಾಗಲೋ ಇಳಿಹೊತ್ತಿನಲ್ಲೋ, ಗಾಳಿ ನೋಡಿಕೊಂಡು, ಅಷ್ಟಷ್ಟೇ ಸುಡಬೇಕು. ಒಬ್ಬ ಕಿಡಿ ಹಚ್ಚುತ್ತಾ ಹೋದರೆ ಮಿಕ್ಕವರು ಹಸಿ ಸೊಪ್ಪಿನ ಕೊಂಬೆ ಹಿಡಿದು ಎರಡೂ ಅಂಚಿನಲ್ಲಿ ಬಡಿಯುತ್ತಾ ಬರುತ್ತಾರೆ. ಕೆಲಸ ಸರಿಯಾಗಿ ಆಗಬೇಕಾದರೆ ಜನ ಬೇಕು, ಸಮಯ ಬೇಕು, ಹಣ ಹೊತ್ತಿಗೆ ಸರಿಯಾಗಿ ಬರಬೇಕು. ಅನುದಾನ ತಡವಾದರೆ ಡಿಸೆಂಬರಿನ ಕೆಲಸ ಫೆಬ್ರುವರಿಗೆ ಜಾರುತ್ತದೆ. ಆಗ ಇಬ್ಬನಿ ಇರುವುದಿಲ್ಲ. ಒಣ ಗಾಳಿಯಲ್ಲಿ, ಎದೆಯೆತ್ತರದ ಲಂಟಾನದ ನಡುವೆ, ಅದೇ ಸೊಪ್ಪಿನ ಕೊಂಬೆ ಹಿಡಿದು ಅದೇ ಜನ ನಿಲ್ಲುತ್ತಾರೆ.

ಲಂಟಾನದ ಎಲೆಯಲ್ಲಿ ಎಣ್ಣೆಯ ಅಂಶವಿದೆ, ಒಣಗಿದ ಮೇಲೆ ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ. ಹೂಬಿಟ್ಟು ಸತ್ತ ಬಿದಿರು ಮೆಳೆಗಳಿದ್ದರಂತೂ ಸಿಡಿದ ಕೆಂಡ ಬೆಂಕಿ ರೇಖೆಯನ್ನು ಹಾರಿ ಬೆನ್ನ ಹಿಂದೆ ಬೀಳುತ್ತದೆ. ಮಧ್ಯಾಹ್ನದ ಹೊತ್ತು ಗಾಳಿ ಇಳಿಜಾರಿನ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಕೆಳಗಿನ ಉರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿಟ್ಟಿರುವುದರಿಂದ ಬೆಂಕಿ ಗುಡ್ಡ ಹತ್ತುವ ವೇಗಕ್ಕೆ ಮನುಷ್ಯ ಓಡಲಾರ. ಬೆಂಕಿಯ ಮೇಲ್ಭಾಗದಲ್ಲಿ ನಿಲ್ಲಬಾರದು ಎಂಬುದು ಎಲ್ಲ ಹಳೆಯ ವಾಚರುಗಳಿಗೂ ಗೊತ್ತು. ಅವರಿಗೆ ಗೊತ್ತಿರುವುದನ್ನು ಬೆಂಕಿ ಬಿದ್ದ ದಿನ ಆತುರದಲ್ಲಿ ಜೀಪಿಗೆ ಹತ್ತಿಸಿಕೊಂಡು ಬಂದ ಹೊಸ ದಿನಗೂಲಿ ಹುಡುಗನಿಗೆ ಯಾರು ಹೇಳಬೇಕು, ಯಾವಾಗ ಹೇಳಬೇಕು? ಅವನ ಕಾಲಲ್ಲಿ ರಬ್ಬರ್ ಚಪ್ಪಲಿ, ಮೈಮೇಲೆ ಪಾಲಿಯೆಸ್ಟರ್ ಅಂಗಿ. ಪಾಲಿಯೆಸ್ಟರ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ದಪ್ಪ ಹತ್ತಿ ಬಟ್ಟೆ, ಚರ್ಮದ ಬೂಟು ಕೊಡಿಸುವುದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ.

ಆನೆಯ ವಿಷಯವೂ ಇದಕ್ಕೆ ಹೊರತಲ್ಲ. 2023ರ ಗಣತಿಯ ಪ್ರಕಾರ ರಾಜ್ಯದಲ್ಲಿ 6,395 ಆನೆಗಳಿದ್ದವು. ಅದು ನಮಗೆ ಹೆಮ್ಮೆಯ ಸಂಗತಿ. ಆದರೆ ಬೆಂಕಿಗೆ ಮೇವಾಗುವ ಅದೇ ಲಂಟಾನದ ಪೊದೆ ಆನೆಯನ್ನೂ ಮರೆಮಾಡುತ್ತದೆ. ಹತ್ತು ಹೆಜ್ಜೆ ದೂರಕ್ಕೆ ಬರುವ ತನಕ ಗಸ್ತಿನವನ ಕಣ್ಣಿಗೆ ಬೀಳುವುದಿಲ್ಲ. ಗಸ್ತು ಎಷ್ಟು ಜನ ಹೋಗಬೇಕು, ಮುಂದೆ ಯಾರು, ಗಾಳಿ ಯಾವ ಕಡೆಯಿಂದ, ಮದವೇರಿದ ಗಂಡಾನೆ ಆ ಬೀಟಿನಲ್ಲಿದೆಯೆಂದು ತಿಳಿದರೆ ಅಂದಿನ ದಾರಿ ಬದಲಿಸುವ ಅಧಿಕಾರ ಯಾರಿಗೆ ಎಂಬುದನ್ನೆಲ್ಲ ಮೊದಲೇ ನಿಗದಿ ಮಾಡಬಹುದು. ಕಾರ್ಯಾಚರಣೆಯ ದಿನವಾದರೆ, ಮಂಜೋ ಮಳೆಯೋ ಬಂದಾಗ, ಆನೆ ಸರಿಯಾಗಿ ಕಾಣದಿದ್ದಾಗ, ಊರಿನವರು ಗುಂಪುಗಟ್ಟಿದಾಗ ‘ಇವತ್ತು ಬೇಡ’ ಎನ್ನುವ ಮಾತು ಒಬ್ಬರ ಬಾಯಿಂದ ಬರಬೇಕು, ಆ ಮಾತೇ ಅಂತಿಮವಾಗಬೇಕು. ಬೆಳೆ ಕಳಕೊಂಡ ರೈತರ ಸಿಟ್ಟು, ಶಾಸಕರ ಫೋನು, ಟಿವಿ ಕ್ಯಾಮೆರಾ ಎಲ್ಲ ಸೇರಿ ಆ ಮಾತನ್ನು ನುಂಗಿಹಾಕುತ್ತವೆ. ಸ್ಥಳದಲ್ಲಿರುವ ಪಶುವೈದ್ಯರ, ಮಾವುತರ ಬೆನ್ನಿಗೆ ಆಗ ನಿಲ್ಲಬೇಕಾದವರು ನೀವು.

ಸಾವು ಸಂಭವಿಸಿದ ಮೇಲೆ ಪಂಚನಾಮೆ, ಮರಣೋತ್ತರ ಪರೀಕ್ಷೆ, ಪೊಲೀಸ್ ಪ್ರಕರಣ, ಪರಿಹಾರದ ಕಡತ, ಅನುಕಂಪದ ನೌಕರಿಯ ಅರ್ಜಿ ಒಂದರ ಹಿಂದೊಂದು ಬರುತ್ತವೆ. ಇವೆಲ್ಲ ಬೇಕು, ಬೇಗನೆ ಆಗಲೂಬೇಕು. ಆದರೆ ಇವುಗಳಲ್ಲಿ ಒಂದೂ ಮುಂದಿನವನನ್ನು ಉಳಿಸುವುದಿಲ್ಲ. ಗಾಳಿ ದಿಢೀರನೆ ತಿರುಗಿತು, ಆನೆ ಏಕಾಏಕಿ ನುಗ್ಗಿತು ಎಂದು ವರದಿ ನಿಲ್ಲುತ್ತದೆ. ಗಾಳಿ ತಿರುಗುವ ಸೂಚನೆ ಹವಾಮಾನ ಇಲಾಖೆಯಿಂದ ಬಂದಿತ್ತೇ? ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಉಪಗ್ರಹ ಎಚ್ಚರಿಕೆ ಎಷ್ಟು ಹೊತ್ತಿಗೆ ವಲಯ ಕಚೇರಿ ತಲುಪಿತು, ಅಲ್ಲಿಂದ ಬೆಂಕಿಯ ಮುಂದಿದ್ದವನಿಗೆ ತಲುಪಿತೇ? ವಾಕಿಟಾಕಿಯಲ್ಲಿ ಚಾರ್ಜ್ ಇತ್ತೇ? ಅವನು ಎಷ್ಟು ಗಂಟೆಯಿಂದ ಊಟವಿಲ್ಲದೆ ನಿಂತಿದ್ದ? ಈ ಪ್ರಶ್ನೆಗಳನ್ನು ಕೇಳಬೇಕಾದವರು ಅವನನ್ನು ಅಲ್ಲಿಗೆ ಕಳಿಸಿದ ಅಧಿಕಾರಿಗಳೇ ಆಗಿದ್ದರೆ ಅವು ಕಾಗದದ ಮೇಲೆ ಬರುವುದಿಲ್ಲ. ಇದು ಅವರ ಪ್ರಾಮಾಣಿಕತೆಯ ಮಾತಲ್ಲ. ತನ್ನ ನಿರ್ಧಾರವನ್ನು ತಾನೇ ವಿಚಾರಣೆ ಮಾಡುವುದು ಯಾವ ಮನುಷ್ಯನಿಗೂ ಆಗದ ಕೆಲಸ.

ಕಾರ್ಖಾನೆಯಲ್ಲಿ ಕಾರ್ಮಿಕನೊಬ್ಬ ಸತ್ತರೆ ಹೊರಗಿನಿಂದ ಸುರಕ್ಷತಾ ಇಲಾಖೆಯ ಅಧಿಕಾರಿ ಬಂದು ಯಂತ್ರ ನೋಡುತ್ತಾರೆ, ದಾಖಲೆ ಕೇಳುತ್ತಾರೆ, ಮಾಲೀಕನ ಮೇಲೆ ಮೊಕದ್ದಮೆ ಹೂಡಬಹುದು. ಕಾಡಿಗೆ ಅಂಥವರು ಬರುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಕೇಂದ್ರ ಮತ್ತು ರಾಜ್ಯ ಸರ್ಕಾರದ ಕಚೇರಿಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಲ್ಲಿ ಗುತ್ತಿಗೆದಾರನ ಮೂಲಕ ಬಂದ ಕಾರ್ಮಿಕರಿಗೆ ಮಾತ್ರ ಅದು ಅನ್ವಯವಾಗುತ್ತದೆ. ಕಾಡಿನ ನಡುವಿನ ಕಳ್ಳಬೇಟೆ ತಡೆ ಶಿಬಿರ ಕಚೇರಿ ಹೌದೋ ಅಲ್ಲವೋ ಎಂದು ವಕೀಲರು ವಾದ ಮಾಡಲಿ. ಕಾನೂನು ಕಟ್ಟಿಹಾಕದಿದ್ದರೂ ಇಲಾಖೆ ತಾನಾಗಿಯೇ ಆ ನಿಯಮಗಳನ್ನು ಒಪ್ಪಿಕೊಳ್ಳಲು ಅಡ್ಡಿಯೇನಿದೆ? ಈ ಕೆಲಸದ ಅಪಾಯ ಸರ್ಕಾರಕ್ಕೆ ಹೊಸದೂ ಅಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಕಾಡಿನ ಬೆಂಕಿ ಆರಿಸುವವರೂ ಇದ್ದರು, ಆನೆ ಹಿಡಿಯುವವರೂ ಇದ್ದರು. ಸತ್ತ ಮೇಲೆ ದುಡ್ಡು ಕೊಡಬೇಕೆಂದು ಬರೆದಿಟ್ಟ ಕಾನೂನು ಹಳೆಯದಾಯಿತು. ಸಾಯದಂತೆ ನೋಡಿಕೊಳ್ಳಬೇಕೆಂಬ ಕಟ್ಟುಪಾಡು ಇನ್ನೂ ಬಂದಿಲ್ಲ.

ಹೊರಗಿನವರು ಬಂದು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. 1994ರ ಜುಲೈ 2ರಂದು ಕೊಲೊರಾಡೊದ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ ಸಿಡಿಲಿನಿಂದ ಬೆಂಕಿ ಹೊತ್ತಿತು. ಜಾಗ ಅಲ್ಲಿನ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಬ್ಯೂರೋದ್ದು. ಜುಲೈ 6ರ ಮಧ್ಯಾಹ್ನ ಗಾಳಿ ಜೋರಾಗಿ, ಬೆಂಕಿ ಕುರುಚಲು ಓಕ್ ಕಾಡಿನಲ್ಲಿ ಗುಡ್ಡ ಏರಿ 14 ಸಿಬ್ಬಂದಿಯನ್ನು ಸುಟ್ಟಿತು. ಆ ಗಾಳಿಯ ಮುನ್ಸೂಚನೆ ಕಚೇರಿಗೆ ಬಂದಿತ್ತು, ಬೆಟ್ಟದ ಮೇಲಿದ್ದವರಿಗೆ ತಲುಪಿರಲಿಲ್ಲ. ಬೆಂಕಿ ಕೆಲಸದ ಹತ್ತು ಮೂಲ ಆದೇಶಗಳಲ್ಲಿ ಎಂಟು ಪಾಲನೆಯಾಗಿರಲಿಲ್ಲ ಎಂದು ತನಿಖೆ ಹೇಳಿತು. ಅಲ್ಲಿಗೇ ನಿಲ್ಲಲಿಲ್ಲ. ಅದೇ ಸರ್ಕಾರದ ಕಾರ್ಮಿಕ ಸುರಕ್ಷತಾ ಸಂಸ್ಥೆ, ಭೂ ಬ್ಯೂರೋ ಮತ್ತು ಅರಣ್ಯ ಸೇವೆ ಎರಡರ ಮೇಲೂ 1995ರಲ್ಲಿ ಉಲ್ಲಂಘನೆಯ ನೋಟಿಸ್ ಹೊರಡಿಸಿತು. ಸರ್ಕಾರದ ಒಂದು ಕೈ ಇನ್ನೊಂದನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳಿತು. ಅಲ್ಲೀಗ ಬೆಂಕಿಗೆ ಕೈಹಾಕುವ ಮುನ್ನ ನಾಲ್ಕು ಸಂಗತಿ ಖಚಿತವಾಗಬೇಕು: ಎತ್ತರದಲ್ಲಿ ನಿಂತು ನೋಡುವ ಕಾವಲಿನವನು, ಕೆಲಸ ಮಾಡುವ ಸಂಪರ್ಕ, ಪಾರಾಗುವ ದಾರಿ, ಓಡಿ ಸೇರಬಹುದಾದ ಸುರಕ್ಷಿತ ಜಾಗ. ಕೂದಲೆಳೆಯಲ್ಲಿ ತಪ್ಪಿದ ಅಪಾಯವನ್ನು ಹೆಸರು ಹೇಳದೆಯೂ ವರದಿ ಮಾಡುವ ಏರ್ಪಾಡಿದೆ. ಇಷ್ಟೆಲ್ಲ ಇದ್ದೂ 2013ರಲ್ಲಿ ಅರಿಜೋನಾದ ಯಾರ್ನೆಲ್ ಬೆಟ್ಟದಲ್ಲಿ 19 ಜನ ಸತ್ತರು. ಆಗಲೂ ತನಿಖೆ ನಡೆಯಿತು, ಏನು ತಪ್ಪಿತು ಎಂಬುದನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು.

ನಮ್ಮಲ್ಲಿ ಕೂದಲೆಳೆಯಲ್ಲಿ ಪಾರಾದ ಕಥೆಗಳು ಪ್ರತಿ ಶಿಬಿರದಲ್ಲೂ ಇವೆ. ರಾತ್ರಿ ಒಲೆಯ ಮುಂದೆ ಕೂತರೆ ಸೋಲಿಗರ, ಜೇನುಕುರುಬರ ವಾಚರುಗಳು ಯಾವ ಹಳ್ಳದಲ್ಲಿ ಒಂಟಿ ಸಲಗ ನಿಲ್ಲುತ್ತದೆ, ಯಾವ ಇಳಿಜಾರಿನಲ್ಲಿ ಬೆಂಕಿ ತಿರುಗಿ ಬರುತ್ತದೆ ಎಂದು ಒಂದೊಂದಾಗಿ ಹೇಳುತ್ತಾರೆ. ಈ ತಿಳಿವಳಿಕೆ ಯಾವ ಕೈಪಿಡಿಗೂ ಏರುವುದಿಲ್ಲ. ಹೊರಗುತ್ತಿಗೆಯ ಮೇಲೆ ಇರುವವನು, ತಿಂಗಳುಗಟ್ಟಲೆ ಸಂಬಳಕ್ಕೆ ಕಾಯುವವನು, ಸಾಹೇಬರ ಎದುರು ನಿಂತು ‘ಅಲ್ಲಿಗೆ ಹೋಗುವುದು ಬೇಡ ಸಾರ್’ ಎಂದು ಹೇಳಲಾರ. ಹಾಗೆ ಹೇಳಿದವನ ಕೆಲಸ ಹೋಗುವುದಿಲ್ಲ ಎಂದು ನಿಮ್ಮ ಸಹಿಯಿರುವ ಒಂದು ಸುತ್ತೋಲೆ ಹೇಳಿದರೆ, ಅಷ್ಟರಿಂದಲೇ ಕೆಲವು ಜೀವ ಉಳಿದಾವು.

ಹಾವು ಕಡಿತ, ರಾತ್ರಿ ಜೀಪಿನ ಓಡಾಟ, ಮಲೆನಾಡಿನ ಉಣುಗು ತರುವ ಮಂಗನ ಕಾಯಿಲೆ ಕೂಡ ಇದೇ ಅಪಾಯಗಳ ಪಟ್ಟಿಗೆ ಸೇರುತ್ತವೆ. ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಆ ಜ್ವರದ ಕಾಲ ಬೇಸಿಗೆಯೇ, ಅಂದರೆ ಬೆಂಕಿ ಕಾವಲಿನ ಕಾಲವೇ.

ಮಾನ್ಯರೇ, ನಾನು ಕೇಳುವುದು ಇಷ್ಟು. ಕರ್ತವ್ಯದಲ್ಲಿ ಆದ ಪ್ರತಿ ಸಾವನ್ನೂ, ಪ್ರತಿ ಗಂಭೀರ ಗಾಯವನ್ನೂ ಆ ವೃತ್ತಕ್ಕೆ ಸೇರದ ಅಧಿಕಾರಿ, ಸುರಕ್ಷತಾ ಇಲಾಖೆಯ ಪರಿಣತರೊಬ್ಬರು, ಕೆಳಹಂತದ ಸಿಬ್ಬಂದಿಯ ಪ್ರತಿನಿಧಿಯೊಬ್ಬರು ಕೂಡಿ ವಿಚಾರಿಸಲಿ. ಯಾರನ್ನು ಅಮಾನತು ಮಾಡಬೇಕೆಂದು ಹುಡುಕುವುದು ಅವರ ಕೆಲಸವಾಗದಿರಲಿ. ಏನು ತಪ್ಪಿತು ಎಂದು ಹುಡುಕಲಿ. ವರದಿ ಸರಳ ಕನ್ನಡದಲ್ಲಿರಲಿ, ನಾಲ್ಕು ಪುಟ ಮೀರದಿರಲಿ. ಬೆಂಕಿ ರೇಖೆಯ ಕೆಲಸ ಶುರುವಾಗುವ ಮುನ್ನ ಪ್ರತಿ ಶಿಬಿರದಲ್ಲೂ ಅದನ್ನು ಗಟ್ಟಿಯಾಗಿ ಓದಿಸಿ, ಓದು ಬಾರದ ವಾಚರೂ ಕೇಳಿ ಮಾತನಾಡಲಿ. ಬೂಟು, ಹತ್ತಿ ಬಟ್ಟೆ, ನೀರು, ಚಾರ್ಜ್ ಆದ ವಾಕಿಟಾಕಿ ಇಲ್ಲದ ತಂಡವನ್ನು ಬೆಂಕಿಯ ಮುಂದೆ ಕಳಿಸಿದರೆ ಅದಕ್ಕೆ ವಲಯಾಧಿಕಾರಿ ಉತ್ತರ ಕೊಡಬೇಕು, ಅನುದಾನ ತಡ ಮಾಡಿದ್ದಕ್ಕೆ ಬೆಂಗಳೂರು ಉತ್ತರ ಕೊಡಬೇಕು.

2017ರ ಕಲ್ಕೆರೆಯಿಂದ ಇಂದಿನ ತನಕ ಆದ ಸಾವುಗಳ ವಿಚಾರಣಾ ವರದಿಗಳನ್ನು ಈ ಸೆಪ್ಟೆಂಬರ್ 11ಕ್ಕೆ ಮೊದಲು ಪ್ರಕಟಿಸಿ. ವಿಚಾರಣೆ ನಡೆದೇ ಇಲ್ಲದಿದ್ದ ಕಡೆ ಈಗ ನಡೆಸಿ; ಜೊತೆಗಿದ್ದು ಬದುಕಿ ಬಂದವರು ಇನ್ನೂ ಸೇವೆಯಲ್ಲಿದ್ದಾರೆ, ಅವರನ್ನು ಕರೆದು ಕೇಳಿ. ನಿಮ್ಮ ಉತ್ತರವನ್ನೂ ಹೀಗೆಯೇ ಬಹಿರಂಗವಾಗಿ ಎದುರು ನೋಡುತ್ತೇನೆ.

ಇತಿ,
ಕಾಡಂಚಿನ ಊರಿನ ಒಬ್ಬ ನಾಗರಿಕ