ಕುಸ್ವಾರ್ ತಟ್ಟೆಯೂ ಮಿಲಿಟ್ರಿ ಮಾಮನೂ

ನವೆಂಬರ್ ಮುಗಿಯುತ್ತಾ ಬಂತೆಂದರೆ ನಮ್ಮ ಓಣಿಯವರಿಗೆ ಮಿಲಿಟ್ರಿ ಮಾಮನ ಮೇಲೆ ಇದ್ದಕ್ಕಿದ್ದಂತೆ ಗೌರವ ಉಕ್ಕುತ್ತದೆ. "ಬೆಳಿಗ್ಗೆ ಐದಕ್ಕೇ ರೇಡಿಯೋ ಹಾಕ್ತಾರೆ ಮಾರಾಯ್ರೆ" ಎಂದು ವರ್ಷವಿಡೀ ಗೊಣಗುವವರೂ ಕಂಪೌಂಡಿಗೆ ಮೊಣಕೈ ಊರಿ "ಮಾಮ, ಸೌಖ್ಯವಾ?" ಅನ್ನುತ್ತಾರೆ. ದೇಶಭಕ್ತಿ ಅಂದುಕೊಂಡಿರಾ? ಪ್ಲಮ್ ಕೇಕಿನ ಒಣದ್ರಾಕ್ಷಿ ನೆನೆಸಲಿಕ್ಕೆ ರಮ್ ಬೇಕು. ಮಾಮನ ಹತ್ತಿರ ಕ್ಯಾಂಟೀನ್ ಕಾರ್ಡು ಉಂಟು!

ಮಾಮ ಜಗ್ಗುವ ಆಸಾಮಿಯಲ್ಲ. "ಕಾರ್ಡು ಕೊಟ್ಟದ್ದು ನನ್ನ ಗಂಟಲಿಗೆ, ನಿಮ್ಮ ದ್ರಾಕ್ಷಿಗಲ್ಲ" ಅಂತ ಹೇಳಿ ಪೇಪರು ಬಿಡಿಸುತ್ತಾರೆ.

ಪಾಪ, ಅವರಿಗೂ ಈ ಎರಡು ತಿಂಗಳು ಸಸಾರವಲ್ಲ. ನವೆಂಬರಿನಲ್ಲಿ ಪಿಂಚಣಿಗಾಗಿ "ನಾನಿನ್ನೂ ಬದುಕಿದ್ದೇನೆ" ಅಂತ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಸವೆದ ಬೆರಳು, ಗೆರೆ ಸರಿಯಾಗಿ ಮೂಡುವುದಿಲ್ಲ. ಡಿಸೆಂಬರ್ 7ಕ್ಕೆ ಧ್ವಜ ದಿನಾಚರಣೆ. 1949ರಿಂದ ನಡೆದುಬಂದ ಪದ್ಧತಿ; ಆ ದಿನ ಕೂಡಿದ ಹಣ ಮಾಜಿ ಸೈನಿಕರಿಗೆ, ಯೋಧರ ವಿಧವೆಯರಿಗೆ. ಕಳೆದ ಸಲ ಶಾಲೆಯ ಮಕ್ಕಳು ಮಾಮನ ಅಂಗಿಗೇ ಕೆಂಪು, ನೀಲಿ, ತಿಳಿನೀಲಿಯ ಪುಟ್ಟ ಬಾವುಟ ಚುಚ್ಚಿ, ಅವರಿಂದಲೇ ಹತ್ತು ರೂಪಾಯಿ ವಸೂಲಿ ಮಾಡಿಕೊಂಡು ಹೋದರು. ಮಾಮ ಚಿಲ್ಲರೆ ಕೂಡ ಕೇಳಲಿಲ್ಲ.

ಆಚೆ ಮನೆಯ ಬಾಯಮ್ಮ ಮಾತ್ರ ರಮ್ಮಿನ ಸುದ್ದಿ ಎತ್ತುವವರಲ್ಲ. ಹಬ್ಬದ ಮುನ್ನಾದಿನ ಕಂಪೌಂಡಿನ ಮೇಲಿಂದ ಕ್ರಿಸ್ಮಸ್ ತಿಂಡಿಗಳ ಕುಸ್ವಾರ್ ತಟ್ಟೆ ದಾಟಿಸುತ್ತಾರೆ. ನಮಗೆ ಬರುವ ತಟ್ಟೆಯಲ್ಲಿ ನೆವ್ರಿ, ಗುಳಿಯೊ, ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡಿದ ಕಿಡಿಯೊ, ಎಲ್ಲ ಸಮಪಾಲು. ಮಾಮನ ತಟ್ಟೆ ಬೇರೆ. ಅವರಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಸಿಹಿ ಲೆಕ್ಕಕ್ಕೆ ಎರಡೇ ಎರಡು, ಉಳಿದದ್ದು ಖಾರದ ತುಕ್ಡಿ, ಚಕ್ಕುಲಿ. ಹಲ್ಲಿಗೆ ಕಷ್ಟ ಅಂತ ಚಕ್ಕುಲಿಯನ್ನೂ ಮುರಿದು ಇಟ್ಟಿರುತ್ತಾರೆ.

ಈ ತಟ್ಟೆ ನೋಡಿದಾಗೆಲ್ಲ ಮಾಮ 1914ರ ಕತೆ ತೆಗೆಯುತ್ತಾರೆ. ಮೊದಲ ಮಹಾಯುದ್ಧದ ಮೊದಲ ಕ್ರಿಸ್ಮಸ್. ಇಂಗ್ಲೆಂಡಿನ ರಾಜಕುಮಾರಿ ಮೇರಿಗೆ ಆಗ ಹದಿನೇಳು ವರ್ಷ. ಅವಳ ಹೆಸರಿನಲ್ಲಿ ಚಂದಾ ಎತ್ತಿ ಸಿಪಾಯಿಗಳಿಗೆ ಹಿತ್ತಾಳೆ ಡಬ್ಬಿ ಕಳಿಸಿದರು. ಹೆಚ್ಚಿನವರಿಗೆ ತಂಬಾಕು, ಸಿಗರೇಟು. ನಮ್ಮವರೂ ಫ್ರಾನ್ಸಿನ ಕೆಸರಿನಲ್ಲೇ ಇದ್ದರಲ್ಲ? ಸಿಖ್ಖರು ತಂಬಾಕು ಮುಟ್ಟುವುದಿಲ್ಲವೆಂದು ಅವರಿಗೆ ಕಲ್ಲುಸಕ್ಕರೆ, ಜೊತೆಗೊಂದು ಡಬ್ಬಿ ಮಸಾಲೆ. "ಬ್ರಿಟಿಷರ ಮೇಲೆ ನನಗೇನೂ ಪ್ರೀತಿ ಇಲ್ಲ, ಆದರೆ ಡಬ್ಬಿ ತುಂಬಿಸಿದವನಿಗೆ ತಲೆ ಇತ್ತು" ಎನ್ನುತ್ತಾ ಚಕ್ಕುಲಿಯ ಚೂರು ಬಾಯಿಗೆ ಹಾಕಿಕೊಳ್ಳುತ್ತಾರೆ.

ಖಾಲಿ ತಟ್ಟೆ ಹಿಂದೆ ಕೊಡುವ ಕ್ರಮ ನಮ್ಮಲ್ಲಿಲ್ಲ. ಮಾಮನದು ಯಾವತ್ತೂ ಬಸಳೆ ಕಟ್ಟು, ಬಳ್ಳಿ ಒಂದೇ ಅಳತೆಗೆ ಕತ್ತರಿಸಿ, ಪರೇಡಿಗೆ ನಿಲ್ಲಿಸಿದ ಹಾಗೆ.

ಈ ಸಲ ನಾನೂ ಕೃತಜ್ಞತೆ ಹೇಳಿಬಿಡುವ ಅಂತ ಹೊರಟೆ. ಗಂಟಲು ಸರಿಮಾಡಿಕೊಂಡು "ಮಾಮ, ನೀವು ದೇಶಕ್ಕೋಸ್ಕರ..." ಎಂದದ್ದೇ ತಡ, ಕೈ ಎತ್ತಿ ನಿಲ್ಲಿಸಿದರು. "ಅದಿರಲಿ. ನಿಮ್ಮ ತೆಂಗಿನಮರ ನನ್ನ ಹಂಚಿನ ಮೇಲೆ ಬಾಗಿದೆ. ಮೊನ್ನೆ ಒಣಮಡಲು ಬಿದ್ದು ಮೂರು ಹಂಚು ಹೋಯ್ತು. ಮೊದಲು ಅದನ್ನು ನೋಡಿ."

ಮರ ಹತ್ತುವವನಿಗೆ ಫೋನು ಮಾಡಿದ್ದೇನೆ. ಕ್ರಿಸ್ಮಸ್ ಕಳೆದ ಮೇಲೆ ಬರ್ತಾನಂತೆ.