ಗೋಲ್‌ಕೀಪರನ ಚೀಲ ಬಾಯಿ ಬಿಟ್ಟಾಗ

ಪರ್ಕಳದ ಆ ಹಳೆ ಮನೆಯ ಅಟ್ಟ ಹತ್ತಿದ ಪತ್ರಿಕಾ ಪ್ರತಿನಿಧಿಯನ್ನು ಮೊದಲು ಎದುರುಗೊಂಡದ್ದು ವಾಸನೆ. ಆಟಿ ತಿಂಗಳು, ಹೊರಗೆ ಧೋ ಎನ್ನುವ ಮಳೆ. ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ ಆಳುದ್ದದ ಒಂದು ಕಪ್ಪು ಕಿಟ್ ಬ್ಯಾಗು.

'ಮೂಗು ಮುಚ್ಚಬೇಡಿ ಮಾರಾಯ್ರೆ,' ಎಂದಿತು ಚೀಲ, ಜಿಪ್ಪನ್ನು ಅರ್ಧ ತೆರೆದು. 'ಇದು ನನ್ನ ಸರ್ವಿಸ್ ರೆಕಾರ್ಡು.'

ಚೀಲವನ್ನು ಹೊಲಿದದ್ದು ಐಸ್ ಹಾಕಿಗಾಗಿ. ಟೊರೊಂಟೊದಲ್ಲಿರುವ ಈ ಮನೆಯ ಅಳಿಯ ಚಾಕಲೇಟು, ಕಂಬಳಿ ತುಂಬಿಸಿಕೊಂಡು ತಂದದ್ದು, ಖಾಲಿಯಾದ ಮೇಲೆ ಮನೆಯ ಹುಡುಗನ ಪಾಲಾಯಿತು. ಹುಡುಗ ಬೆಂಗಳೂರಿನ ಹಾಕಿ ಟರ್ಫಿನಲ್ಲಿ ಗೋಲು ಕಾಯುವವನು. ಮಂಜುಗಡ್ಡೆಯಿಂದ ಟರ್ಫಿಗೆ ಬಂದಾಗ ಕಷ್ಟವಾಗಲಿಲ್ಲವೇ ಎಂದು ಪ್ರತಿನಿಧಿ ಕೇಳಿದರೆ ಚೀಲ ಲೆಕ್ಕ ಬಿಚ್ಚಿತು. ಐಸ್ ಹಾಕಿಯ ಗೋಲು ಆರಡಿ ಅಗಲ, ನಾಲ್ಕಡಿ ಎತ್ತರ. ಇಲ್ಲಿಯದು ಹನ್ನೆರಡಡಿ ಅಗಲ, ಏಳಡಿ ಎತ್ತರ. 'ಅಲ್ಲಿಯ ರಬ್ಬರ್ ಬಿಲ್ಲೆ ಸುಮಾರು 170 ಗ್ರಾಂ, ಇಲ್ಲಿಯ ಚೆಂಡು 160ರ ಆಸುಪಾಸು. ತಾಗಿದರೆ ನೋವು ಒಂದೇ. ಕಾಯುವ ಜಾಗ ಮಾತ್ರ ಮೂರೂವರೆ ಪಟ್ಟು. ಸಂಬಳ ಎಷ್ಟು ಪಟ್ಟು ಅಂತ ಕೇಳಬೇಡಿ.'

ನಿಮ್ಮ ಕುಲದ ಹಿರಿಯರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಗೆ ಚೀಲದ ಹಿಡಿಕೆ ನೆಟ್ಟಗಾಯಿತು. ಕೆನಡಾದ ಗ್ಯಾರಿ ಸ್ಮಿತ್, ಅಡ್ಡಹೆಸರೇ 'ಸೂಟ್‌ಕೇಸ್'! ಟೊರೊಂಟೊ, ಓಕ್‌ಲ್ಯಾಂಡ್, ಶಿಕಾಗೊ, ವ್ಯಾಂಕೂವರ್, ಮಿನೆಸೋಟ, ವಾಷಿಂಗ್ಟನ್, ವಿನಿಪೆಗ್ ಎಂದು ಊರೂರು ತಿರುಗಿದ ಗೋಲ್‌ಕೀಪರ್. 1970–71ರಲ್ಲಿ ಕ್ಯಾಲಿಫೋರ್ನಿಯದ ಗೋಲ್ಡನ್ ಸೀಲ್ಸ್ ತಂಡಕ್ಕೆ ಆಡಿ ಒಂದೇ ಋತುವಿನಲ್ಲಿ 48 ಪಂದ್ಯ ಸೋತರು. ಅಲ್ಲಿಯ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಚರಿತ್ರೆಯಲ್ಲಿ ಒಂದು ಋತುವಿನಲ್ಲಿ ಅಷ್ಟು ಸೋಲು ಇನ್ಯಾವ ಗೋಲ್‌ಕೀಪರನ ಲೆಕ್ಕಕ್ಕೂ ಬಿದ್ದಿಲ್ಲ. ಮರುವರ್ಷ ಅವರನ್ನು ಶಿಕಾಗೊಗೆ ಸಾಗಹಾಕಿದರು. ಅಲ್ಲಿ ಟೋನಿ ಎಸ್ಪೊಸಿಟೊ ಜೊತೆಗೂಡಿ, ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ತಂಡದ ಗೋಲ್‌ಕೀಪರರಿಗೆ ಆಗ ಕೊಡುತ್ತಿದ್ದ ವೆಜಿನಾ ಟ್ರೋಫಿ ಗೆದ್ದರು.

'ಅದೇ ಮನುಷ್ಯ, ಅದೇ ಕೈಕಾಲು,' ಎಂದಿತು ಚೀಲ. 'ಮುಂದೆ ನಿಂತ ಡಿಫೆಂಡರುಗಳು ಬೇರೆ. ನಮ್ಮ ಯಕ್ಷಗಾನದವರೂ ತಿರುಗಾಟ ಮುಗಿಸಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮೇಳ ಬದಲಿಸುವುದುಂಟು. ಆದರೆ ಅವರು ಯಜಮಾನರ ಹತ್ತಿರ ಕೂತು ಮಾತಾಡಿ ಬದಲಿಸುತ್ತಾರೆ. ಸ್ಮಿತ್ ಅವರ ವ್ಯಾಪಾರ ಎರಡು ಆಫೀಸುಗಳ ನಡುವೆ ಮುಗಿಯುತ್ತಿತ್ತು.'

ಬೆಂಗಳೂರಿನಲ್ಲಿ ಅಂಥ ವ್ಯಾಪಾರವಿಲ್ಲ. ಇರುವುದು ಕ್ರೀಡಾ ಕೋಟಾ. ಸೇನೆಯ ಎಂಇಜಿ, ಎಎಸ್‌ಸಿ, ಜೊತೆಗೆ ಎಚ್‌ಎಎಲ್, ಕೆನರಾ ಬ್ಯಾಂಕ್, ರೈಲ್ವೆ ಇವೇ ಹಾಕಿಯ ಅನ್ನದಾತರು. ಕಾಲಿಂಪಾಂಗ್‌ನಿಂದ ಬಂದು ಬೆಂಗಳೂರಿನಲ್ಲಿ ಪಳಗಿದ ಗೋಲ್‌ಕೀಪರ್ ಭರತ್ ಚೆಟ್ರಿ ಕೆನರಾ ಬ್ಯಾಂಕಿನವರೇ ಆಗಿ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾದರು. ಆರಕ್ಕೆ ಆರೂ ಪಂದ್ಯ ಸೋಲು, ಕೊನೆಯ ಸ್ಥಾನ. ಗೋಲ್‌ಕೀಪರನೇ ನಾಯಕನಾದರೆ ಬೈಯುವವರಿಗೆ ಎರಡು ವಿಳಾಸ ಹುಡುಕುವ ಕೆಲಸ ತಪ್ಪುತ್ತದೆ.

ನೌಕರಿ ಸಿಗದ ನಮ್ಮ ಹುಡುಗ ಗೆಸ್ಟ್ ಪ್ಲೇಯರ್. ಶಾಂತಿನಗರದ ಕಾರ್ಯಪ್ಪ ಸ್ಟೇಡಿಯಮ್ಮಿನಲ್ಲಿ ಒಂದು ವಾರ ಒಂದು ಬಣ್ಣದ ಅಂಗಿ, ಮರುವಾರ ಇನ್ನೊಂದು. ಬಸ್ಸಿನ ಕಂಡಕ್ಟರು ಚೀಲಕ್ಕೂ ಲಗೇಜು ಚಾರ್ಜು ಹಾಕುತ್ತಾನೆ. 'ಆ ದಿನ ಆಡಿಸುತ್ತಾರೆ ಅಂತ ಗ್ಯಾರಂಟಿ ಇಲ್ಲ, ಗ್ಯಾರಂಟಿ ಇದ್ದದ್ದು ಕಂಡಕ್ಟರನ ಟಿಕೆಟಿಗೆ ಮಾತ್ರ,' ಎಂದು ಚೀಲ ನಕ್ಕಿತು.

ಹಾಗಾದರೆ ದೇಶಕ್ಕೆ ಆಡಿದವರ ಪಾಡು ಸುಖವೇ?

ಚೀಲ ಸ್ವಲ್ಪ ಹೊತ್ತು ಜಿಪ್ಪು ಕಚ್ಚಿಕೊಂಡು ಕೂತಿತು. ಮ್ಯಾನುಯೆಲ್ ಫ್ರೆಡರಿಕ್, ಕಣ್ಣೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದವರು, 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದ ಗೋಲ್‌ಕೀಪರ್. ಇಂದಿನಂಥ ಹೆಲ್ಮೆಟ್ ಇಲ್ಲದ ಕಾಲ. ಸರ್ಕಾರಕ್ಕೆ ಅವರ ನೆನಪಾಗಿ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2019ರಲ್ಲಿ. ನಲವತ್ತೇಳು ವರ್ಷ! 'ಚೆಂಡು ಅಷ್ಟು ನಿಧಾನ ಬಂದಿದ್ದರೆ ನಾನೇ ತಡೆಯುತ್ತಿದ್ದೆ.'

ಇನ್ನೊಬ್ಬ ಗೋಲ್‌ಕೀಪರ್ ಆಶಿಶ್ ಬಲ್ಲಾಳರ ಕಥೆ ಇನ್ನೂ ಚೆನ್ನಾಗಿದೆ. ಆ ಹೆಸರು ಕೇಳಿದರೆ ಉಡುಪಿ ಕಡೆಯಲ್ಲಿ 'ಯಾವ ಬಲ್ಲಾಳರು, ಯಾವ ಬೀಡು' ಎಂದು ವಿಚಾರಿಸುವವರು ಹೆಚ್ಚು, ತಡೆದದ್ದೇನು ಎಂದು ಕೇಳುವವರು ಕಮ್ಮಿ. ಅವರು ತಡೆದದ್ದು 1998ರ ಬ್ಯಾಂಕಾಕ್ ಏಷ್ಯಾಡ್ ಫೈನಲ್ಲಿನಲ್ಲಿ, ದಕ್ಷಿಣ ಕೊರಿಯದ ಎರಡು ಪೆನಾಲ್ಟಿ ಸ್ಟ್ರೋಕುಗಳನ್ನು. ಟೈಬ್ರೇಕರಿನಲ್ಲಿ 4–2. ಮೂವತ್ತೆರಡು ವರ್ಷಗಳ ಮೇಲೆ ಭಾರತಕ್ಕೆ ಚಿನ್ನ. ಅದಾದ ಸ್ವಲ್ಪ ಸಮಯಕ್ಕೆ ನಾಯಕ ಧನರಾಜ್ ಪಿಳ್ಳೈ ಸೇರಿ ಹಲವು ಹಿರಿಯರನ್ನು ತಂಡದಿಂದ ಹೊರಗಿಟ್ಟರು, ಬಲ್ಲಾಳರೂ ಅದರಲ್ಲಿದ್ದರು. ಸೋತವರನ್ನು ಬಿಡುವುದು ಎಲ್ಲ ಕಡೆ ಉಂಟು, ಗೆದ್ದವರನ್ನೂ ಬಿಡುವ ವಿದ್ಯೆ ನಮ್ಮ ಒಕ್ಕೂಟದ್ದು ಎಂದು ಪ್ರತಿನಿಧಿ ಬರೆದುಕೊಂಡರು. ಚೀಲ ಹೇಳಿದ್ದಲ್ಲ ಅದು, ಪ್ರತಿನಿಧಿಯದೇ ಸೇರ್ಪಡೆ.

'ಟೊರೊಂಟೊದಲ್ಲಿ ಡೇವಿಡ್ ಏಯರ್ಸ್ ಅಂತ ಒಬ್ಬರಿದ್ದಾರೆ,' ಎಂದು ಚೀಲ ತಾನಾಗಿ ಉತ್ಸಾಹಕ್ಕೆ ಬಂತು. ಐಸ್ ನಯ ಮಾಡುವ ಗಾಡಿ ಓಡಿಸಿದವರು, ಕಿಡ್ನಿ ಕಸಿ ಆದವರು, ಆಗ ವಯಸ್ಸು 42. 2020ರ ಫೆಬ್ರವರಿ 22ರಂದು ಕೆರೊಲಿನಾ ತಂಡದ ಇಬ್ಬರು ಗೋಲ್‌ಕೀಪರುಗಳೂ ಗಾಯಗೊಂಡಾಗ ಗ್ಯಾಲರಿಯಲ್ಲಿದ್ದ ಇವರನ್ನು ಕರೆದು ಇಳಿಸಿದರು. ಮೊದಲೆರಡು ಹೊಡೆತ ಒಳಗೆ. ಆಮೇಲಿನ ಎಂಟೂ ಹೊರಗೆ. 6–3ರಿಂದ ಗೆಲುವು. ಸೋತದ್ದು ಟೊರೊಂಟೊ. ಅಭ್ಯಾಸದ ಹೊತ್ತಿಗೆ ಏಯರ್ಸ್ ಗೋಲು ಕಾಯುತ್ತಿದ್ದದ್ದು ಅದೇ ಟೊರೊಂಟೊದವರಿಗೆ!

ನಿಮ್ಮ ಹುಡುಗನಿಗೂ ಅಂಥ ಕರೆ ಬರಬಹುದೇ?

'ಅಮ್ಮನಿಗೆ ಅವನು ಬ್ಯಾಂಕಿನ ತಂಡಕ್ಕೆ ಸೇರಬೇಕು ಅಂತ ಆಸೆ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಸರ್ಕಾರಿ ಬ್ಯಾಂಕು ನಾಲ್ಕಿತ್ತು. ವಿಜಯಾ 2019ರ ಏಪ್ರಿಲ್ ಒಂದಕ್ಕೆ ಬರೋಡಕ್ಕೆ ಹೋಯಿತು. ಮರುವರ್ಷ ಅದೇ ತಾರೀಕಿಗೆ ಕಾರ್ಪೊರೇಷನ್ ಯೂನಿಯನ್‌ಗೆ, ಸಿಂಡಿಕೇಟ್ ಕೆನರಾಕ್ಕೆ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ, ಪಿಗ್ಮಿ ಡಬ್ಬಿ ಹಿಡಿದು ಮನೆಮನೆ ತಿರುಗಿ, ಮಣಿಪಾಲದಲ್ಲಿ ಹೆಡ್ ಆಫೀಸು ಕಟ್ಟಿದ ಬ್ಯಾಂಕನ್ನೇ ಟ್ರೇಡ್ ಮಾಡಿದ ಮೇಲೆ ಒಬ್ಬ ಗೋಲ್‌ಕೀಪರ್ ಯಾವ ಲೆಕ್ಕ?'

2024ರ ಡಿಸೆಂಬರಿನಲ್ಲಿ ಹಾಕಿ ಇಂಡಿಯಾ ಲೀಗ್ ಮತ್ತೆ ಶುರುವಾದಾಗ ಪುರುಷರ ಎಂಟು ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ ಎಂಬುದನ್ನು ಚೀಲ ಅದೇ ಉಸಿರಿನಲ್ಲಿ ಹೇಳಿ ಮುಗಿಸಿತು.

ಏಣಿಯತ್ತ ತಿರುಗಿದ ಪ್ರತಿನಿಧಿಯನ್ನು ಅದು ಮತ್ತೆ ಕರೆಯಿತು. 'ಲೇಖನದ ಕೆಳಗೆ ಒಂದು ಸಾಲು ಹಾಕಿ ಮಾರಾಯ್ರೆ. ಶನಿವಾರ, ಭಾನುವಾರ ಗೋಲ್‌ಕೀಪರ್ ಖಾಲಿ ಇದ್ದಾರೆ. ಪ್ಯಾಡು, ಹೆಲ್ಮೆಟ್ ಸ್ವಂತದ್ದು. ಬಸ್ ಚಾರ್ಜು ಕೊಟ್ಟರೆ ಸಾಕು.'

ಅದು ಜಾಹೀರಾತು ವಿಭಾಗಕ್ಕೆ ಬರುತ್ತದೆ ಎಂದರು ಪ್ರತಿನಿಧಿ. ಸಾಲಿನ ದರವನ್ನೂ ಹೇಳಿದರು.

'ಇದು ಬಸ್ ಚಾರ್ಜಿಗಿಂತ ಜಾಸ್ತಿ ಆಯ್ತಲ್ಲ!' ಎಂದು ಚೀಲ ಜಿಪ್ಪು ಎಳೆದುಕೊಂಡಿತು.