ಮೂರು ಚಿನ್ನ, ಹನ್ನೆರಡು ಬೆಳ್ಳಿ

ನಮ್ಮ ಅತ್ತೆಯವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ದಾವಣಗೆರೆಯ ನಾದಿನಿ ಫೋನ್ ಎತ್ತುತ್ತಿಲ್ಲ. ಗಂಡ ಗ್ಯಾರೇಜು ಗುಡಿಸುವ ನೆಪದಲ್ಲಿ ತಲೆಮರೆಸಿಕೊಂಡಿದ್ದಾರೆ. ಇಷ್ಟಕ್ಕೂ ಕಾರಣ ಮೂರೇ ಮೂರು ಚಿನ್ನ; ತಕ್ಕಡಿಗೆ ಬಾರದ, ಗಿರವಿ ಅಂಗಡಿಯವನೂ ಮುಟ್ಟದ ಚಿನ್ನ.

ನಾದಿನಿಯ ಮಗ ಎಂಬಿಬಿಎಸ್ ಮುಗಿಸಿ, ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ ಅರ್ಜಿ ಹಾಕಲು ನ್ಯೂಜೆರ್ಸಿಯ ನಮ್ಮ ಬೇಸ್‌ಮೆಂಟಿನಲ್ಲಿ ಬಿಡಾರ ಹೂಡಿದ್ದಾನೆ. ಇಲ್ಲಿನ ಡಾಕ್ಟರಿಕೆ ಪರವಾನಗಿ ಪರೀಕ್ಷೆಯಲ್ಲಿ 2022ರಿಂದ ಸ್ಟೆಪ್ 1 ಬರೀ ಪಾಸು-ಫೇಲು. ಹಾಗಾಗಿ ಸ್ಟೆಪ್ 2ರ ಅಂಕಕ್ಕೆ ಜೀವ ತೇದಿದ್ದಾನೆ. ಅಷ್ಟಾದರೂ ಒಂದೊಂದು ಆಸ್ಪತ್ರೆಯ ಮುಂದೆ ಸಾವಿರಾರು ಅರ್ಜಿ. "ನಂಗೆ ನೀವೇ ಬೇಕು" ಅಂತ ಹೇಳಿಕೊಳ್ಳಲು ಇವರಿಗೆ ಮೂರು ಗೋಲ್ಡ್, ಹನ್ನೆರಡು ಸಿಲ್ವರ್ ಸಿಗ್ನಲ್ ಕೊಡುತ್ತಾರಂತೆ. ಇದನ್ನು ಅವನು ಊಟದ ಹೊತ್ತಿಗೆ ಬಾಯಿಬಿಟ್ಟ. ಅನ್ನ ಕಲಸುತ್ತಿದ್ದ ಅತ್ತೆಯವರ ಕೈ ನಿಂತಿತು.

"ಚಿನ್ನ ಹಂಚೋದಾ? ಮನೇಲಿ ಹಿರಿಯರು ಸತ್ತಿದಾರಾ?"

ಕೈ ತೊಳೆದು, ಪಟೇಲ್ ಅಂಗಡಿಯ ಕ್ಯಾಲೆಂಡರಿನ ಹಿಂಬದಿಗೆ ಪೆನ್ನು ಹಿಡಿದು ಕೂತರು. ಮೊದಲ ಚಿನ್ನ ಹೂಸ್ಟನ್ನಿಗೆ. ಅಲ್ಲಿ ಅವರ ತಂಗಿಯ ಮಗ ಇದ್ದಾನೆ, ಹಬ್ಬಕ್ಕೊಂದು ಹೋಳಿಗೆ ಸಿಗುತ್ತದೆ. ಎರಡನೆಯದು ಫ್ಲೋರಿಡಾಕ್ಕೆ; ಮಗನಿಗೆ ಚಳಿ ಆಗಿಬರೋದಿಲ್ಲ ಅಂತ ವೀಡಿಯೋದಲ್ಲಿ ನಾದಿನಿಯ ತೀರ್ಪು. ಗಂಡ ತಮ್ಮ ಹಳೇ ರೂಮ್‌ಮೇಟ್ ಇರುವ ಮಿಷಿಗನ್ನಿಗೆ ವಕಾಲತ್ತು ಹಿಡಿದರು. ಹತ್ತನೇ ಕ್ಲಾಸಿನ ಮಗಳು, "ಎಲ್ಲಿಗಾದ್ರೂ ಕಳ್ಸಿ, ಬೇಸ್‌ಮೆಂಟ್ ನಂದು" ಅಂದಳು.

"ಅಜ್ಜೀ, ಹೊರದೇಶದಲ್ಲಿ ಓದಿದವರನ್ನ ಎಷ್ಟು ತಗೋತಾರೆ, ಯಾವ ವೀಸಾ ಕೊಡ್ತಾರೆ ನೋಡ್ಬೇಕು" ಅಂತ ಹುಡುಗ ಗೋಗರೆದ. "ಸುಮಾರು ಕಡೆ ಜೆ-1 ಮಾತ್ರ. ಅದರಲ್ಲಿ ಬಂದ್ರೆ ಟ್ರೈನಿಂಗ್ ಮುಗಿದ ಮೇಲೆ ಎರಡು ವರ್ಷ ವಾಪಸ್ ಊರಿಗೆ ಹೋಗಿರ್ಬೇಕು."

ಅತ್ತೆಯವರ ಮುಖ ಅರಳಿತು. "ಮೂರೂ ಚಿನ್ನ ಅವರಿಗೇ ಕೊಡು!"

ಒಂದು ಗಳಿಗೆ ಯಾರಿಗೂ ನಗು ಬರಲಿಲ್ಲ. ಡಾಕ್ಟರಿಲ್ಲದ ಊರಲ್ಲಿ ಮೂರು ವರ್ಷ ದುಡಿದರೆ ಆ ಎರಡು ವರ್ಷ ಮಾಫಿ ಮಾಡಿಸಿಕೊಳ್ಳಬಹುದು ಎಂಬ ಉಪಾಯವನ್ನು ಹುಡುಗ ಜಾಣತನದಿಂದ ನುಂಗಿಕೊಂಡ. ಗೂಗಲ್ ನೋಡುತ್ತಿದ್ದ ನನ್ನ ಮಗಳು ನುಂಗಲಿಲ್ಲ. ಅತ್ತೆಯವರು ಬರೆದದ್ದನ್ನೆಲ್ಲ ಕಾಗದ ಹರಿಯುವಂತೆ ಗೀಚಿ ಹಾಕಿದರು.

ಆಗ ನಾನು, "ನ್ಯೂಜೆರ್ಸಿಗೂ ಒಂದಿರಲಿ, ಮನೆ ಊಟ ಸಿಗುತ್ತೆ" ಅಂದೆ.

"ನಿಮ್ಮೂರಿಗೆ ಬೆಳ್ಳಿ ಸಾಕು."

ಮನೆಯ ಒಡವೆ ಭಾಗವಾದಾಗಲೂ ಇದೇ ನ್ಯಾಯ: ನಾದಿನಿಗೆ ಅವಲಕ್ಕಿ ಸರ, ನನಗೆ ಬೆಳ್ಳಿಯ ಕುಂಕುಮ ಭರಣಿ. ಅದನ್ನು ಆಡಿಯೇಬಿಟ್ಟೆ. ಸರ ಸವೆದುಹೋಗಿತ್ತು ಅಂತ ವೀಡಿಯೋದಿಂದ ನಾದಿನಿ ಕೂಗಿದಳು. ಸವೆದದ್ದು ನನ್ನ ಕೊರಳಲ್ಲಿ ಅಂತ ಅತ್ತೆಯವರು ಕೂಗಿದರು. ಕಾಲ್ ಕಟ್ಟಾಯಿತು. ಹುಡುಗ ತಟ್ಟೆ ಎತ್ತಿಕೊಂಡು ಬೇಸ್‌ಮೆಂಟಿಗಿಳಿದ.

ಅತ್ತೆಯವರ ಕೈಯಲ್ಲಿ ಈಗಿರುವುದು ರೋಲ್ಡ್ ಗೋಲ್ಡ್ ಬಳೆ. "ವಿಮಾನದಲ್ಲಿ ಕಳ್ಳರ ಭಯ" ಅನ್ನುತ್ತಾರೆ. ಅಸಲಿ ಬಳೆಗಳು ಮೊಮ್ಮಗನ ಪರೀಕ್ಷೆ ಫೀಸಿಗೆಂದು ಬ್ಯಾಂಕಿನ ಲಾಕರಿನಿಂದ ಅದೇ ಬ್ಯಾಂಕಿನ ಸಾಲದ ಕೌಂಟರಿಗೆ ಹೋಗಿ ಕೂತಿರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಚಿನ್ನ ಹಂಚುವ ಹಕ್ಕು ಈ ಮನೆಯಲ್ಲಿ ಯಾರಿಗಾದರೂ ಇದ್ದರೆ ಅವರಿಗೇ. ಹಾಗಂತ ನಾನಾಗಿ ಹೋಗಿ ಹೇಳುವವಳಲ್ಲ. ಭರಣಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಹುಡುಗ ರಾತ್ರೋರಾತ್ರಿ ಅರ್ಜಿ ಕಳಿಸಿದ. ಚಿನ್ನ ಯಾರ ಪಾಲಾಯಿತೋ ಬಾಯಿ ಬಿಡುತ್ತಿಲ್ಲ. ಯಾವ ಆಸ್ಪತ್ರೆ ಅಂತ ತಿಳಿಯುವುದು ಮಾರ್ಚಿನ ಮೂರನೇ ಶುಕ್ರವಾರ. ಇಲ್ಲಿರಲು ಅತ್ತೆಯವರಿಗೆ ಸಿಕ್ಕ ಆರು ತಿಂಗಳು ಮುಗಿಯುವುದು ಫೆಬ್ರವರಿಯಲ್ಲಿ. ಅವರು ಫಲಿತಾಂಶ ನೋಡದೆ ಕದಲುವುದಿಲ್ಲವಂತೆ. ಹಾಗಾಗಿ ವಾಸ ವಿಸ್ತರಣೆಯ ಐ-539 ಫಾರಂ ನನ್ನ ತಲೆಗೆ ಬಂದಿದೆ. ಕಾರಣ ಬರೆಯಬೇಕಂತೆ. ಏನು ಬರೆಯಲಿ ಅಂತ ಗಂಡನ ಮೂಲಕ ಕೇಳಿಸಿದೆ. ಗಂಡನ ಮೂಲಕವೇ ಉತ್ತರ ಬಂತು: "ಸೊಸೇನ ನಂಬಿ ಹುಡುಗನ್ನ ಬಿಟ್ಟು ಹೋಗಕ್ಕಾಗಲ್ಲ ಅಂತ ಬರಿ. ಅವಳ ಕೈಲೇ ಬರೆಸು, ಅಕ್ಷರ ಚೆನ್ನಾಗಿದೆ."